ಬ್ರೌಸರುಗಳ ಪೈಪೋಟಿ: ಗುಣವೂ ಹಣದ ಮೂಲವೂ

ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರನ್ನು ಇಂದು ಹಣಕೊಟ್ಟು ಕೊಳ್ಳುವವರು ಬಹಳ ವಿರಳ. ಆದರೂ ಅದನ್ನು ರಚಿಸಿ, ತಿದ್ದಿ, ಕಾಪಾಡಿಕೊಂಡು ಬರಲು ನೂರಾರು ಎಂಜಿನಿಯರುಗಳ ದುಡಿಮೆ ಬೇಕು. ಅವರ ಸಂಬಳ ಎಲ್ಲಿಂದಲೋ ಬರಲೇಬೇಕಷ್ಟೆ. ಯಾವ ಬ್ರೌಸರು ಮೇಲು ಎಂಬ ಚರ್ಚೆ ನಮ್ಮ ವಿದ್ಯಾರ್ಥಿಗಳಲ್ಲಿ ಆಗಾಗ ನಡೆಯುವುದುಂಟು. ವೇಗ, ಭದ್ರತೆ, ಬಳಕೆಯ ಸೌಕರ್ಯ ಇವೇ ಅಲ್ಲಿ ತೂಕದ ಕಲ್ಲುಗಳು. ಸಂಬಳದ ಪ್ರಶ್ನೆಯನ್ನು ಹೊರಗಿಟ್ಟು ಈ ಚರ್ಚೆಯನ್ನು ಇತ್ಯರ್ಥಮಾಡುವುದು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ಹಣ ಕೊಡುವವನು ಓದುಗನಲ್ಲದಿದ್ದಾಗ, ಯಾವ ಗುಣ ಬೆಳೆಯಬೇಕು, ಯಾವುದು ಬಾಡಬೇಕು ಎಂಬುದನ್ನು ನಿರ್ಣಯಿಸುವವನೂ ಓದುಗನಲ್ಲ.

ಆರಂಭದಲ್ಲಿ ಈ ತೊಡಕು ಇರಲಿಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೯೦ರಲ್ಲಿ ಮೊದಲ ಬ್ರೌಸರನ್ನು ರಚಿಸಿದರು. ೧೯೯೩ರ ಏಪ್ರಿಲ್ ೩೦ರಂದು ಆ ಸಂಸ್ಥೆ ತನ್ನ ಜಾಲದ ತಂತ್ರಾಂಶವನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಅವರ ಮೊಸಾಯಿಕ್ ಹೊರಬಂದಿತು. ಎರಡಕ್ಕೂ ತಗುಲಿದ ವೆಚ್ಚ ಸಾರ್ವಜನಿಕರದು.

ವ್ಯಾಪಾರ ಕಾಲಿಟ್ಟದ್ದು ೧೯೯೪ರಲ್ಲಿ. ಆಂಡ್ರೀಸನ್ ಅವರು ಜಿಮ್ ಕ್ಲಾರ್ಕ್ ಅವರೊಡನೆ ಸ್ಥಾಪಿಸಿದ ಸಂಸ್ಥೆಯೇ ಮುಂದೆ ನೆಟ್‌ಸ್ಕೇಪ್ ಎಂದು ಹೆಸರಾದುದು. ವಿದ್ಯಾಸಂಸ್ಥೆಗಳಿಗೆ ನೆಟ್‌ಸ್ಕೇಪ್ ನ್ಯಾವಿಗೇಟರ್ ಉಚಿತ. ವ್ಯಾಪಾರ ಸಂಸ್ಥೆಗಳು ಪರವಾನಗಿಯ ಹಣ ತೆರಬೇಕು. ಸರ್ವರ್ ತಂತ್ರಾಂಶದ ಮಾರಾಟ ಬೇರೆ. ೧೯೯೫ರ ಆಗಸ್ಟ್ ೯ರಂದು ೨೮ ಡಾಲರಿಗೆ ನೀಡಿದ ಅದರ ಷೇರು ಅಂದೇ ೫೮ ಡಾಲರ್ ಮೀರಿ ನಿಂತಿತು. ಹುಟ್ಟಿ ಹದಿನಾರು ತಿಂಗಳಾಗಿದ್ದ ಸಂಸ್ಥೆಯ ಈ ಏಳಿಗೆ ಮೈಕ್ರೋಸಾಫ್ಟಿನ ಕಣ್ಣಿಗೆ ಬೀಳದಿರಲಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆ ಅದೇ ತಿಂಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಿತು. ಅದರ ಮೂಲ, ಮೊಸಾಯಿಕ್‌ನ ವಾಣಿಜ್ಯ ಹಕ್ಕನ್ನು ಪಡೆದಿದ್ದ ಸ್ಪೈಗ್ಲಾಸ್ ಎಂಬ ಸಣ್ಣ ಸಂಸ್ಥೆಯಿಂದ ಪಡೆದುಕೊಂಡದ್ದು. ಬ್ರೌಸರನ್ನು ಉಚಿತವಾಗಿ ಹಂಚಿದ ಮೇಲೆ ಸ್ಪೈಗ್ಲಾಸಿಗೆ ಪಾಲು ಬರುವುದಾದರೂ ಹೇಗೆ? ಆ ವ್ಯಾಜ್ಯ ೧೯೯೭ರಲ್ಲಿ ೮೦ ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಉಚಿತ ವಿತರಣೆ ಔದಾರ್ಯದ ಫಲವಲ್ಲ. ಎಲ್ಲ ಕೆಲಸವೂ ಬ್ರೌಸರಿನೊಳಗೇ ನಡೆಯುವಂತಾದರೆ ಅದರ ಕೆಳಗಿರುವ ವಿಂಡೋಸ್ ಯಾರಿಗೂ ಅಗತ್ಯವಿಲ್ಲದಂತಾದೀತೆಂಬ ಭೀತಿ ಅದರ ಹಿಂದಿತ್ತು. ವಿಂಡೋಸಿನ ಕೋಟೆಯನ್ನು ಕಾಯಲು ವಿಂಡೋಸಿನ ಆದಾಯವೇ ವೆಚ್ಚವಾಯಿತು.

ನೆಟ್‌ಸ್ಕೇಪ್ ಸೋತದ್ದೇಕೆ ಎಂಬ ವಿಷಯದಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಅದು ಗುಣದಲ್ಲಿಯೇ ಹಿಂದೆ ಬಿದ್ದಿತೆಂದು ಒಂದು ಪಕ್ಷದವರ ವಾದ. ಇದಕ್ಕೆ ಆಧಾರವಿಲ್ಲದಿಲ್ಲ. ಅಂಚೆ, ಸುದ್ದಿಗುಂಪು, ಪುಟರಚನೆ ಎಲ್ಲವನ್ನೂ ಹೊತ್ತು ೧೯೯೭ರಲ್ಲಿ ಬಂದ ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿ ಭಾರವಾಗಿತ್ತು. ಪುಟವಿನ್ಯಾಸದ ಹೊಸ ನಿಯಮಗಳನ್ನು ಎಕ್ಸ್‌ಪ್ಲೋರರ್ ಅದಕ್ಕಿಂತ ಚೆನ್ನಾಗಿ ಪಾಲಿಸುತ್ತಿತ್ತು. ಇನ್ನೊಂದು ಪಕ್ಷದವರು ಅಧಿಕಾರಬಲವನ್ನು ಎತ್ತಿ ತೋರುತ್ತಾರೆ. ಗಣಕ ತಯಾರಕರು ಎಕ್ಸ್‌ಪ್ಲೋರರಿನ ಚಿಹ್ನೆಯನ್ನು ತೆಗೆಯುವಂತಿರಲಿಲ್ಲ. ವಿಂಡೋಸ್ ಪರದೆಯಲ್ಲಿ ಸ್ಥಾನ ದೊರೆಯುವುದೆಂಬ ಕಾರಣದಿಂದ ಎ.ಒ.ಎಲ್. ಸಂಸ್ಥೆ ೧೯೯೬ರಲ್ಲಿ ಎಕ್ಸ್‌ಪ್ಲೋರರನ್ನೇ ಆರಿಸಿಕೊಂಡಿತು. ೧೯೯೮ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಈ ಸಂಗತಿಗಳೆಲ್ಲ ಬೆಳಕಿಗೆ ಬಂದುವು. ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂಬ ೨೦೦೦ದ ಆಜ್ಞೆಯನ್ನು ಮೇಲಿನ ನ್ಯಾಯಾಲಯ ೨೦೦೧ರಲ್ಲಿ ರದ್ದುಮಾಡಿತಾದರೂ, ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ಅಪರಾಧವನ್ನು ಎತ್ತಿಹಿಡಿಯಿತು.

ಇತಿಹಾಸದ ಅಭ್ಯಾಸಿಗಳು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ವ್ಯಾಪಾರ ಸಂಸ್ಥೆಗಳ ಒಳಗಿನ ಪತ್ರವ್ಯವಹಾರ ಸಾಮಾನ್ಯವಾಗಿ ನಮ್ಮ ಕೈಗೆ ಸಿಗುವುದಿಲ್ಲ. ಈ ಪ್ರಕರಣದಲ್ಲಿ ನ್ಯಾಯಾಲಯದ ದಯೆಯಿಂದ ಸಿಕ್ಕಿದೆ. ಆದರೆ ಅಪರಾಧವನ್ನು ಸಾಧಿಸಲೆಂದು ಆಯ್ದ ಆಕರ ಅದು. ಆಯ್ಕೆಯಾಗದ ಕಾಗದಗಳು ಏನು ಹೇಳುತ್ತಿದ್ದುವೋ! ಆದುದರಿಂದ ನ್ಯಾಯಾಲಯದ ದಾಖಲೆಗಿಂತ ಅನಂತರದ ನಡವಳಿಕೆಯೇ ಹೆಚ್ಚು ನಂಬತಕ್ಕ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಓದುಗರು ಎಕ್ಸ್‌ಪ್ಲೋರರಿಗೆ ಒಲಿದ ಮೇಲೆ ಆದುದೇನು? ಆರನೆಯ ಆವೃತ್ತಿ ೨೦೦೧ರಲ್ಲಿ ಬಂದಿತು; ಏಳನೆಯದು ೨೦೦೬ರಲ್ಲಿ. ಮೊದಲು ವರ್ಷಕ್ಕೊಂದು ಆವೃತ್ತಿಯನ್ನು ತರುತ್ತಿದ್ದ ಸಂಸ್ಥೆ ಐದು ವರ್ಷ ಕೈಕಟ್ಟಿ ಕುಳಿತಿತು. ಎಕ್ಸ್‌ಪ್ಲೋರರಿನ ಗುಣ ನಿಜವಾದುದೇ. ಆದರೆ ಹಣ ಹಾಕಿದವರ ಅಗತ್ಯ ತೀರಿದೊಡನೆ ಅದರ ಬೆಳವಣಿಗೆಯೂ ನಿಂತಿತು.

ಆ ಐದು ವರ್ಷಗಳ ಬಿಡುವಿನಲ್ಲಿ ಬೆಳೆದದ್ದು ಫೈರ್‌ಫಾಕ್ಸ್. ನೆಟ್‌ಸ್ಕೇಪ್ ೧೯೯೮ರ ಮಾರ್ಚಿನಲ್ಲಿ ತನ್ನ ಸೋರ್ಸ್ ಕೋಡನ್ನು ಲೋಕಕ್ಕೆ ತೆರೆದಿಟ್ಟಿತ್ತು. ಅದರಿಂದ ಹುಟ್ಟಿದ ಕೆಲಸವನ್ನು ೨೦೦೩ರಲ್ಲಿ ಸ್ಥಾಪಿತವಾದ ಮೊಜಿಲ್ಲ ಪ್ರತಿಷ್ಠಾನ ಮುಂದುವರಿಸಿ, ೨೦೦೪ರ ನವೆಂಬರ್ ೯ರಂದು ಫೈರ್‌ಫಾಕ್ಸಿನ ಮೊದಲ ಆವೃತ್ತಿಯನ್ನು ಪ್ರಕಟಿಸಿತು. ಎಕ್ಸ್‌ಪ್ಲೋರರ್ ಪ್ರತಿಯೊಂದು ವಿಂಡೋಸಿನಲ್ಲಿಯೂ ಮೊದಲೇ ಕುಳಿತಿದ್ದರೂ ಕೋಟ್ಯಂತರ ಓದುಗರು ಇದನ್ನು ತಾವಾಗಿ ಇಳಿಸಿಕೊಂಡರು. ಅಧಿಕಾರಬಲದ ವಾದವನ್ನೇ ಹಿಡಿದವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ಇದರ ಆಯ್ಕೆಪಟ್ಟಿಗಳನ್ನು ಸ್ವಯಂಸೇವಕರು ಕನ್ನಡಕ್ಕೂ ತಂದರು. ತಾಣಕ್ಕೊಂದು ಅಕ್ಷರವಿನ್ಯಾಸವನ್ನು ಇಳಿಸಿಕೊಂಡು, ಒತ್ತಕ್ಷರಗಳು ಚೆದರಿದ ಕನ್ನಡವನ್ನು ಓದುತ್ತಿದ್ದ ಕಾಲವನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಫೈರ್‌ಫಾಕ್ಸಿನ ಖರ್ಚಿಗೆ ಒದಗಿದ್ದು ಮಾತ್ರ ಗೂಗಲಿನ ಹಣ. ಹುಡುಕು ಪೆಟ್ಟಿಗೆಯಲ್ಲಿ ಗೂಗಲನ್ನು ಮೊದಲಿಗೆ ಇಟ್ಟುದಕ್ಕಾಗಿ ಬಂದ ಪ್ರತಿಫಲವೇ ೨೦೦೫ರ ಸುಮಾರು ೫.೩ ಕೋಟಿ ಡಾಲರ್ ಆದಾಯದ ಬಹುಪಾಲು.

ಪೋಷಕ ೨೦೦೮ರ ಸೆಪ್ಟೆಂಬರ್ ೨ರಂದು ಪ್ರತಿಸ್ಪರ್ಧಿಯೂ ಆದ. ಗೂಗಲಿನ ಕ್ರೋಮ್ ವೇಗದಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ಒಂದು ಪುಟ ಕೆಟ್ಟರೆ ಉಳಿದವು ಕೆಡದಂತೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ನಡೆಸುವ ಅದರ ರಚನೆ ನಿಜಕ್ಕೂ ಮೆಚ್ಚತಕ್ಕದ್ದು. ಅಂತರ್ಜಾಲ ವೇಗವಾದಷ್ಟೂ ಹುಡುಕಾಟ ಹೆಚ್ಚು, ಹುಡುಕಾಟ ಹೆಚ್ಚಿದಷ್ಟೂ ಜಾಹೀರಾತು ಹೆಚ್ಚು. ಇಲ್ಲಿ ಓದುಗನ ಹಿತವೂ ಪೋಷಕನ ಹಿತವೂ ಒಂದೇ ದಾರಿಯಲ್ಲಿ ಸಾಗಿದುವು. ದಾರಿ ಕವಲೊಡೆದುದು ಕುಕಿಯ ವಿಷಯದಲ್ಲಿ. ಓದುಗನು ತಾಣದಿಂದ ತಾಣಕ್ಕೆ ಹೋದಂತೆ ಅವನ ಜಾಡನ್ನು ಹಿಡಿಯಲು ಹೊರಗಿನ ಜಾಹೀರಾತು ಸಂಸ್ಥೆಗಳು ಇಡುವ ಗುರುತು ಅದು. ಫೈರ್‌ಫಾಕ್ಸ್ ೨೦೧೯ರಲ್ಲಿ ಜಾಡು ಹಿಡಿಯುವ ಇಂಥ ಕುಕಿಗಳನ್ನು ತಡೆಯಿತು. ಆ್ಯಪಲ್ಲಿನ ಸಫಾರಿ ೨೦೨೦ರಲ್ಲಿ ಹೊರಗಿನವರ ಕುಕಿಗಳನ್ನು ಪೂರ್ತಿಯಾಗಿ ತಡೆಯಿತು. ತಾನೂ ಹಾಗೆಯೇ ಮಾಡುವುದಾಗಿ ೨೦೨೦ರಲ್ಲಿ ಸಾರಿದ ಗೂಗಲ್, ಮತ್ತೆ ಮತ್ತೆ ಮುಂದೂಡಿ, ೨೦೨೪ರಲ್ಲಿ ಆ ಸಂಕಲ್ಪವನ್ನು ಕೈಬಿಟ್ಟಿತು. ಜಾಣ್ಮೆಯ ಕೊರತೆ ಇದಕ್ಕೆ ಕಾರಣವೆಂದು ಯಾರೂ ಹೇಳಲಾರರು.

ಓದುಗನಿಂದಲೇ ಹಣ ಪಡೆಯುವ ದಾರಿಯನ್ನು ನಾರ್ವೆಯ ಒಪೆರಾ ಪರೀಕ್ಷಿಸಿ ನೋಡಿತು. ಮೊದಲು ಮಾರಾಟ, ೨೦೦೦ದಿಂದ ಕೊಳ್ಳದವರಿಗೆ ಜಾಹೀರಾತು, ೨೦೦೫ರಲ್ಲಿ ಎಲ್ಲರಿಗೂ ಉಚಿತ. ೨೦೧೩ರಲ್ಲಿ ಅದು ತನ್ನ ಸ್ವಂತ ಎಂಜಿನನ್ನೂ ಬಿಟ್ಟು ಗೂಗಲಿನ ಕ್ರೋಮಿಯಂ ಆಧಾರವನ್ನು ಹಿಡಿಯಿತು. ಮೈಕ್ರೋಸಾಫ್ಟಿನ ಎಡ್ಜ್ ಕೂಡ ೨೦೨೦ರಲ್ಲಿ ಅದನ್ನೇ ಅನುಸರಿಸಿತು.

ಗೂಗಲಿನ ಮೇಲಿನ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಿಗಳು ಬೆರಗು ಹುಟ್ಟಿಸುತ್ತವೆ. ತನ್ನ ಹುಡುಕಾಟವನ್ನೇ ಮೊದಲಿಗೆ ಇಡುವುದಕ್ಕಾಗಿ ಅದು ೨೦೨೧ರಲ್ಲಿ ಇತರ ಸಂಸ್ಥೆಗಳಿಗೆ ತೆತ್ತ ಮೊತ್ತ ೨,೬೩೦ ಕೋಟಿ ಡಾಲರ್. ೨೦೨೨ರಲ್ಲಿ ಆ್ಯಪಲ್ ಒಂದಕ್ಕೇ ೨,೦೦೦ ಕೋಟಿ ಡಾಲರ್. ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯವನ್ನು ನಡೆಸಿದೆಯೆಂದು ನ್ಯಾಯಾಧೀಶ ಅಮಿತ್ ಮೆಹ್ತಾ ೨೦೨೪ರ ಆಗಸ್ಟಿನಲ್ಲಿ ತೀರ್ಪಿತ್ತರು. ಪರಿಹಾರದ ವಿಚಾರಣೆ ನಡೆದಾಗ, ಈ ಪಾವತಿಗಳನ್ನು ನಿಷೇಧಿಸಿದರೆ ಫೈರ್‌ಫಾಕ್ಸಿನ ಉಳಿವಿಗೇ ಅಪಾಯವೆಂದು ನುಡಿದವರು ಮೊಜಿಲ್ಲದ ಅಧಿಕಾರಿಗಳೇ. ಏಕಸ್ವಾಮ್ಯದ ಮದ್ದು ಸ್ಪರ್ಧಿಗೇ ವಿಷವಾಗುವ ಈ ಸ್ಥಿತಿ ೧೯೯೮ರ ಮೊಕದ್ದಮೆಯಲ್ಲಿ ಇರಲಿಲ್ಲ. ಕ್ರೋಮನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಇತರರಿಗೆ ಎಡೆಗೊಡದ ಒಪ್ಪಂದಗಳನ್ನು ಮಾತ್ರ ನಿಷೇಧಿಸಿ, ಹಣ ಕೊಡುವುದಕ್ಕೆ ಅವಕಾಶವನ್ನು ಉಳಿಸಿತು.