ಪ್ಯಾರಾಶೂಟು ಅರಳುವ ಬಗೆ

ಪ್ಯಾರಾಶೂಟು ಎಷ್ಟು ಬೇಗ ಅರಳುವುದೋ ಅಷ್ಟು ಒಳ್ಳೆಯದೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಈ ತಿಳುವಳಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆ. ಅದು ಎಷ್ಟು ಬೇಗ ಅರಳಬೇಕೆಂಬುದು ಬೀಳುವವನ ವೇಗವನ್ನೂ ನೆಲ ಎಷ್ಟು ದೂರವಿದೆ ಎಂಬುದನ್ನೂ ಅವಲಂಬಿಸಿದೆ. ಇವೆರಡನ್ನೂ ಹೊಂದಿಸುವ ಚಿಕ್ಕ ಸಾಧನಕ್ಕೆ ಸ್ಲೈಡರ್ ಎಂದು ಹೆಸರು.

ವಿಮಾನದಿಂದಲ್ಲದೆ, ಎತ್ತರದ ಕಟ್ಟಡ, ಅಂಟೆನಾ ಗೋಪುರ, ಸೇತುವೆ, ಬೆಟ್ಟದ ಕಡಿದಾದ ಅಂಚು ಇವುಗಳಿಂದ ಪ್ಯಾರಾಶೂಟಿನೊಡನೆ ಧುಮುಕುವ ಸಾಹಸವೊಂದುಂಟು. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಬೇಸ್' ಜಿಗಿತವೆಂದು ಕರೆಯುತ್ತಾರೆ. 1978ರಲ್ಲಿ ಅಮೇರಿಕದ ಎಲ್ ಕ್ಯಾಪಿಟನ್ ಬಂಡೆಯಿಂದ ನಡೆದ ಜಿಗಿತಗಳನ್ನು ಕಾರ್ಲ್ ಬೋನಿಶ್ ಎಂಬಾತನು ಚಿತ್ರೀಕರಿಸಿದ ಮೇಲೆ ಇದು ಜನರ ಗಮನಕ್ಕೆ ಬಂದಿತು. 1984ರಲ್ಲಿ ನಾರ್ವೆಯ ಬೆಟ್ಟವೊಂದರಿಂದ ಜಿಗಿದು ಆತನೇ ಮಡಿದನು. ಈ ಜಿಗಿತಗಾರರ ಬೆನ್ನ ಮೇಲೆ ಸಾಮಾನ್ಯವಾಗಿ ಒಂದೇ ಪ್ಯಾರಾಶೂಟು ಇರುತ್ತದೆ. ಎರಡನೆಯದನ್ನು ಬಿಚ್ಚಲು ಸಮಯವೇ ಇರುವುದಿಲ್ಲ.

ಇಂಥ ಪ್ಯಾರಾಶೂಟು ಕೊಡೆಯಂತೆ ದುಂಡಗಿರದೆ ಆಯತಾಕಾರವಾಗಿರುತ್ತದೆ. ಅದರಿಂದ ಇಳಿಬಿದ್ದ ದಾರಗಳು ನಾಲ್ಕು ಗುಂಪುಗಳಾಗಿ ಜಿಗಿತಗಾರನ ಹೆಗಲ ಪಟ್ಟಿಗಳಿಗೆ ಸೇರುತ್ತವೆ. ಸ್ಲೈಡರ್ ಎಂದರೆ ನಾಲ್ಕು ಮೂಲೆಗೆ ನಾಲ್ಕು ಉಂಗುರಗಳಿರುವ ಒಂದು ಬಟ್ಟೆಯ ತುಂಡು. ಒಂದೊಂದು ಉಂಗುರದೊಳಗೆ ಒಂದೊಂದು ಗುಂಪು ದಾರಗಳು ಹಾಯ್ದಿರುತ್ತವೆ. ಮಡಿಚುವಾಗ ಅದನ್ನು ಮೇಲಕ್ಕೆ, ಪ್ಯಾರಾಶೂಟಿನ ಬಟ್ಟೆಗೆ ತಾಗುವಂತೆ ಸರಿಸಿಡುತ್ತಾರೆ. ಅರಳಲು ಹವಣಿಸುವ ಬಟ್ಟೆ ದಾರಗಳನ್ನು ಅಗಲಿಸಿ ಸ್ಲೈಡರನ್ನು ಕೆಳಕ್ಕೆ ತಳ್ಳುತ್ತದೆ. ಎದುರು ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ಈ ಜಗ್ಗಾಟದಿಂದ ಪ್ಯಾರಾಶೂಟು ಮೆಲ್ಲಗೆ ಅರಳುತ್ತದೆ.

ಈ ನಿಧಾನವೇಕೆ? ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡು ಸೆಕೆಂಡು ಬಿದ್ದವನ ವೇಗ ಗಂಟೆಗೆ ಸುಮಾರು 70 ಕಿಲೋಮೀಟರು. ಬಹಳ ಎತ್ತರದಿಂದ ಬಿದ್ದವನದು 200ರ ಸಮೀಪ. ವೇಗ ಮೂರು ಪಟ್ಟಿಗೂ ಕಡಿಮೆಯೇ, ಆದರೆ ಒತ್ತಡ ಎಂಟು ಪಟ್ಟು! ಅಂಥ ಹೊತ್ತಿನಲ್ಲಿ ಪ್ಯಾರಾಶೂಟು ಒಮ್ಮೆಲೆ ಅರಳಿದರೆ ಬಟ್ಟೆ ಹರಿಯಬಹುದು, ಮೈಗೆ ಪೆಟ್ಟಾಗಬಹುದು. ಆದ್ದರಿಂದ ನಾರ್ವೆಯ ಸುಮಾರು 1000 ಮೀಟರು ಎತ್ತರದ ಶೆರಾಗ್ ಬೆಟ್ಟದಂಥ ಕಡೆ ದೀರ್ಘಕಾಲ ಬೀಳುವವರು ಸ್ಲೈಡರನ್ನು ಮೇಲಿಟ್ಟೇ ಜಿಗಿಯುತ್ತಾರೆ.

ಆದರೆ ಅಮೇರಿಕದ ಐಡಹೊ ಪ್ರಾಂತದ ಪೆರಿನ್ ಸೇತುವೆ ನದಿಯಿಂದ 148 ಮೀಟರು ಮಾತ್ರ ಎತ್ತರವಿದೆ. ಅಲ್ಲಿ ವೇಗವೂ ಕಡಿಮೆ, ಸಮಯವೂ ಕಡಿಮೆ. ಮೆಲ್ಲಗೆ ಅರಳುವ ಪ್ಯಾರಾಶೂಟು ಅರಳಿ ಮುಗಿಯುವುದರೊಳಗೆ ನೀರು ಬಂದುಬಿಡುತ್ತದೆ. ಆದುದರಿಂದ ಅಂಥ ಕಡೆ ಸ್ಲೈಡರನ್ನು ಕೆಳಗೆ ಕಟ್ಟಿಡುತ್ತಾರೆ, ಇಲ್ಲವೆ ತೆಗೆದೇಬಿಡುತ್ತಾರೆ. ಇವೆರಡರ ನಡುವಣ ವೇಗಗಳಿಗೆ ಜಾಳಿಗೆಯಂಥ ಬಟ್ಟೆಯ ಸ್ಲೈಡರ್ ಉಂಟು. ಅದರ ರಂಧ್ರಗಳಲ್ಲಿ ಗಾಳಿ ನುಸುಳಿ ಹೋಗುವುದರಿಂದ ತಡೆ ಕಡಿಮೆಯಾಗುತ್ತದೆ.

ಸ್ಲೈಡರ್ ತೆಗೆದರೆ ಮತ್ತೊಂದು ತೊಡಕು. ದಾರಗಳನ್ನು ಶಿಸ್ತಿನಲ್ಲಿಡುವ ಕೆಲಸವೂ ಅದರದೇ ಆಗಿತ್ತು. ಅದಿಲ್ಲದಾಗ ದಾರವೊಂದು ಬಟ್ಟೆಯ ಮೇಲೆ ಹಾಯ್ದು ಪ್ಯಾರಾಶೂಟು ಓರೆಯಾಗಿ ಅರಳುವ, ಗಿರ್ರನೆ ತಿರುಗುವ ಭಯವುಂಟು. ಅದಕ್ಕಾಗಿ ಹಿಂಭಾಗದ ದಾರಗಳನ್ನು ಕ್ಷಣಕಾಲ ಒಟ್ಟಾಗಿ ಹಿಡಿದಿಡುವ ಚಿಕ್ಕ ಕಟ್ಟೊಂದನ್ನು ಹಾಕುತ್ತಾರೆ. ಸಿಕ್ಕಿಕೊಂಡರೆ ಪೂರ್ತಿ ಬಿಟ್ಟುಬಿಡಲು ಬರುವಂತೆ ಬ್ರೇಕಿನ ದಾರಗಳನ್ನೂ ಉಂಗುರದ ಹೊರಗಿಡುತ್ತಾರೆ.

ಇದನ್ನೆಲ್ಲ ಕೇಳಿದ ಇಬ್ರಾಹಿಂಪುರದ ನಮ್ಮ ಓಣಿಯ ಗೆಳೆಯರು, "ಹಾಗಾದರೆ ಗೋಲಗುಮ್ಮಟದಿಂದ ಜಿಗಿಯಬಹುದಲ್ಲ?" ಎಂದರು. ಲೆಕ್ಕ ಹಾಕೋಣ. ಗುಮ್ಮಟದ ಎತ್ತರ ಸುಮಾರು 51 ಮೀಟರು. ಅಷ್ಟು ಎತ್ತರದಿಂದ ಬೀಳುವ ವಸ್ತು ಮೂರೂಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮೊದಲ ಎರಡು ಸೆಕೆಂಡಿನಲ್ಲೇ 20 ಮೀಟರು ಕಳೆದುಹೋಗಿರುತ್ತದೆ. ಅಷ್ಟರಲ್ಲಿ ಕೈಯಾಡಿಸಿ, ಪ್ಯಾರಾಶೂಟು ಬಿಚ್ಚಿ, ದಾರ ಸಿಕ್ಕಾದರೆ ಬಿಡಿಸಿ, ದಿಕ್ಕು ತಿರುಗಿಸಲು ಎಡೆಯೆಲ್ಲಿ? ಸ್ಲೈಡರ್ ಮೇಲಿದ್ದರಂತೂ ಮಾತೇ ಬೇಡ.

ಎಲ್ಲ ಎತ್ತರಕ್ಕೂ ಒಪ್ಪುವ ಏರ್ಪಾಡು ಯಾವುದೂ ಇಲ್ಲ. ಒಂದೆಡೆ ಪ್ರಾಣ ಕಾಯುವ ಬಟ್ಟೆಯ ತುಂಡೇ ಮತ್ತೊಂದೆಡೆ ಪ್ರಾಣ ತೆಗೆಯುತ್ತದೆ. ಯಾವುದು ಬೇಕೆಂಬುದನ್ನು ನೆಲದ ಮೇಲೆ ಕುಳಿತು ಮಡಿಚುವಾಗಲೇ ನಿಶ್ಚಯಿಸಬೇಕು. ಗಾಳಿಯಲ್ಲಿ ವಿಚಾರಕ್ಕೆ ಬಿಡುವಿಲ್ಲ. ನಾವಾದರೋ ಗುಮ್ಮಟವನ್ನೇರಿ, ಪಿಸುಮಾತು ಮರುದನಿಗೊಡುವ ಸೊಗಸನ್ನು ಕೇಳಿ, ಮೆಟ್ಟಿಲುಗಳಿಂದಲೇ ಇಳಿದು ಬರೋಣ.