ಋ (ಕನ್ನಡ ಅಕ್ಷರ)

ಋ ಕನ್ನಡ ವರ್ಣಮಾಲೆಯ ಏಳನೆಯ ಅಕ್ಷರ. ಇದು ಹ್ರಸ್ವ ಸ್ವರ. ವ್ಯಂಜನದೊಡನೆ ಸೇರಿದಾಗ ಇದರ ಚಿಹ್ನೆಯನ್ನು ವಟ್ರಸುಳಿ ಎನ್ನುತ್ತಾರೆ (ಕ್ + ಋ = ಕೃ). ಮೈಸೂರಿನ ‘ಕೃಷ್ಣರಾಜ ವೃತ್ತ’ ಎಂಬ ಹೆಸರಿನ ಎರಡು ಪದಗಳಲ್ಲಿಯೂ ಈ ಚಿಹ್ನೆಯಿದೆ.

ಉಚ್ಚಾರಣೆ

ಸಂಸ್ಕೃತ ವ್ಯಾಕರಣದಲ್ಲಿ ಋಕಾರವು ಮೂರ್ಧನ್ಯ ಸ್ವರ. ಈಗ ಕನ್ನಡಿಗರು ಇದನ್ನು ಸಾಮಾನ್ಯವಾಗಿ ‘ರು’ ಎಂದೂ ಹಿಂದಿ ಭಾಷಿಕರು ‘ರಿ’ ಎಂದೂ ಉಚ್ಚರಿಸುತ್ತಾರೆ. ಆದರೆ ಋಷಿ–ರಿಸಿ, ಮೃಗ–ಮಿಗ, ಶೃಂಗಾರ–ಸಿಂಗಾರ ಎಂಬ ತದ್ಭವಗಳಲ್ಲಿ ಋಕಾರದ ಸ್ಥಾನದಲ್ಲಿ ‘ರಿ’ ಅಥವಾ ‘ಇ’ ಬಂದಿದೆ.

ಬಳಕೆ

ಋಕಾರವು ಋಣ, ಋತು, ಕೃಷಿ, ಹೃದಯ ಮೊದಲಾದ ಸಂಸ್ಕೃತ ಮೂಲದ ಪದಗಳಲ್ಲಿ ಬರುತ್ತದೆ, ಅಚ್ಚಗನ್ನಡ ಪದಗಳಲ್ಲಿಲ್ಲ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಶುದ್ಧ ಕನ್ನಡದ ಅಕ್ಷರಗಳಿಂದ ಹೊರಗಿಟ್ಟಿದ್ದಾನೆ. ಇದರ ದೀರ್ಘರೂಪವಾದ ೠ ‘ಪಿತೄಣ’ದಂತಹ (ಪಿತೃ + ಋಣ) ವಿರಳ ಪದಗಳಲ್ಲಿ ಮಾತ್ರ ಕಾಣುತ್ತದೆ.

ವಟ್ರಸುಳಿ ಮತ್ತು ರಕಾರದ ಒತ್ತು

‘ಕೃ’ ಮತ್ತು ‘ಕ್ರು’ ಕೇಳಲು ಒಂದೇ ಆದರೂ ರಚನೆಯಲ್ಲಿ ಬೇರೆ. ‘ಕೃ’ ಒಂದು ವ್ಯಂಜನಕ್ಕೆ ಸ್ವರ ಸೇರಿದ ಗುಣಿತಾಕ್ಷರ. ‘ಕ್ರು’ ಎರಡು ವ್ಯಂಜನಗಳುಳ್ಳ ಸಂಯುಕ್ತಾಕ್ಷರ. ಈ ಭೇದದ ಪರಿಣಾಮಗಳು ಹೀಗಿವೆ:

ಅರ್ಥ: ‘ಗೃಹ’ ಎಂದರೆ ಮನೆ, ‘ಗ್ರಹ’ ಎಂದರೆ ಸೂರ್ಯನನ್ನು ಸುತ್ತುವ ಕಾಯ. ಪದದ ಆರಂಭದಲ್ಲಿಯೂ ಇಂತಹ ಭೇದವುಂಟು: ‘ಋಜು’ ಎಂದರೆ ನೇರವಾದದ್ದು, ‘ರುಜು’ ಎಂದರೆ ಸಹಿ.

ಛಂದಸ್ಸು: ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ಆದ್ದರಿಂದ ‘ವಿಕ್ರಮ’ದ ‘ವಿ’ ಗುರು. ‘ಪ್ರಕೃತಿ’ಯಲ್ಲಿ ‘ಕೃ’ ಸಂಯುಕ್ತಾಕ್ಷರವಲ್ಲದ ಕಾರಣ ‘ಪ್ರ’ ಲಘುವಾಗಿಯೇ ಉಳಿಯುತ್ತದೆ. ಇದನ್ನು ‘ಪ್ರಕ್ರುತಿ’ ಎಂದು ಬರೆದು ಪ್ರಸ್ತಾರ ಹಾಕಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ.

ಸಂಧಿ: ಮಹಾ + ಋಷಿ = ಮಹರ್ಷಿ (ಗುಣಸಂಧಿ); ಪಿತೃ + ಆರ್ಜಿತ = ಪಿತ್ರಾರ್ಜಿತ (ಯಣ್ ಸಂಧಿ). ಋಕಾರವನ್ನು ಸ್ವರವೆಂದು ಗುರುತಿಸದಿದ್ದರೆ ಈ ಪದಗಳನ್ನು ಬಿಡಿಸಲಾಗದು.

ನಿಘಂಟು: ‘ಕೃಷಿ’ ಪದವನ್ನು ‘ಕೂ’ ಮತ್ತು ‘ಕೆ’ ಇವುಗಳ ನಡುವೆ ಹುಡುಕಬೇಕು. ‘ಕ್ರಮ’ ಮೊದಲಾದವು ಕಕಾರದ ಕೊನೆಯ ಭಾಗದಲ್ಲಿರುತ್ತವೆ.

ಲಿಪಿ ಸುಧಾರಣೆ

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ ‘ಹೊಸಬರಹ’ದಲ್ಲಿ ಋಕಾರವಿಲ್ಲ. ಉಚ್ಚಾರಣೆಯಲ್ಲಿ ಉಳಿದಿಲ್ಲದ ಭೇದವನ್ನು ಬರಹದಲ್ಲಿ ಉಳಿಸಿಕೊಂಡರೆ ಕಲಿಯುವವರಿಗೆ ಹೊರೆಯಾಗುತ್ತದೆ ಎಂಬುದು ಅದರ ಹಿಂದಿನ ವಾದ. ಆದರೆ ಪಠ್ಯಪುಸ್ತಕಗಳಲ್ಲಿಯೂ ಶಿಷ್ಟ ಬರಹದಲ್ಲಿಯೂ ಋಕಾರ ಬಳಕೆಯಲ್ಲಿದೆ.