ಬೇಜವಾಬ್ದಾರಿ ಕ್ಯಾಪ್ಟನ್ನೂ ಒಂದು ಡಿವಿಡಿ ಡ್ರೈವೂ

ಕಳೆದ ಸೆಮ್ ಎಕ್ಸಾಮ್ ಮುಗಿದ ರಾತ್ರಿ ನಾವು ನಾಲ್ಕು ಜನ ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತು ಒಂದು ಸಣ್ಣ ವಿಂಡೋ ದಿಟ್ಟಿಸ್ತಾ ಇದ್ವಿ. ಡಿವಿಡಿ ರೀಜನ್ ಬದಲಿಸೋಕೆ ಇನ್ನೂ ಒಂದೇ ಒಂದು ಅವಕಾಶ ಬಾಕಿ ಇದೆ ಅಂತ ಅದು ಹೇಳ್ತಾ ಇತ್ತು. ಒತ್ತಿದ್ರೆ ಮುಗೀತು, ಆ ಡ್ರೈವ್ ಜನ್ಮಪೂರ್ತಿ ಅದೇ ರೀಜನ್‌ಗೆ ಅಂಟಿಕೊಳ್ಳುತ್ತೆ. ಡ್ರೈವ್ ನಮ್ಮದಲ್ಲ, ನಮ್ಮಲ್ಲಿ ಒಬ್ಬನ ಅಪ್ಪನದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕೋ ಜಾಗವೇ ಇರಲ್ಲ, ಅದಕ್ಕೆ ಊರಿಂದ ತರಿಸಿದ್ವಿ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದ್ರೆ, ಸೀನಿಯರ್ ಒಬ್ಬರು ಹೋಗುವಾಗ ಅಮೆರಿಕದಿಂದ ಬಂದ ಒಂದು ಡಿವಿಡಿ ಬಾಕ್ಸ್ ನಮಗೆ ಬಿಟ್ಟು ಹೋಗಿದ್ರು. ಅದರ ಹೆಸರು 'ಇರ‍್ರೆಸ್ಪಾನ್ಸಿಬಲ್ ಕ್ಯಾಪ್ಟನ್ ಟೈಲರ್'. ಅಂದ್ರೆ ಬೇಜವಾಬ್ದಾರಿ ಕ್ಯಾಪ್ಟನ್ ಟೈಲರ್. 1993ರಲ್ಲಿ ಜಪಾನಿನ ಟಿವಿಯಲ್ಲಿ ಬಂದ 26 ಎಪಿಸೋಡಿನ ಅನಿಮೆ. ಹಿತೋಶಿ ಯೋಶಿಯೋಕಾ ಬರೆದ ಕಾದಂಬರಿ ಸರಣಿಯಿಂದ ತೆಗೆದದ್ದು. ನಿರ್ದೇಶಕ ಕೋಯಿಚಿ ಮಾಶಿಮೊ, ತಯಾರಿಸಿದ್ದು ತತ್ಸುನೊಕೊ ಸ್ಟುಡಿಯೋ.

ಕಥೆ ಏನು?

ಜಸ್ಟಿ ಉಯೆಕಿ ಟೈಲರ್ ಅನ್ನೋ ಹುಡುಗ ಬಾಹ್ಯಾಕಾಶ ಸೇನೆಗೆ ಸೇರ್ತಾನೆ. ದೇಶಸೇವೆಗಲ್ಲ. ಆರಾಮಾಗಿರೋ ಕೆಲಸ, ಕೊನೆಗೆ ಪೆನ್ಶನ್, ಇಷ್ಟೇ ಅವನ ಲೆಕ್ಕ. (ನಮ್ಮ ಬ್ಯಾಚಲ್ಲೂ ಇಂಥವರು ಇದ್ದಾರೆ, ಹೆಸರು ಬೇಡ.) ಅದೃಷ್ಟವೋ ಏನೋ, ಸ್ವಲ್ಪ ದಿನದಲ್ಲೇ ಅವನು 'ಸೊಯೊಕಾಜೆ' ಅನ್ನೋ ಯುದ್ಧನೌಕೆಯ ಕ್ಯಾಪ್ಟನ್ ಆಗಿಬಿಡ್ತಾನೆ. ಸೊಯೊಕಾಜೆ ಅಂದ್ರೆ ಜಪಾನೀಸಲ್ಲಿ ತಂಗಾಳಿ. ಹೆಸರು ಚೆನ್ನಾಗಿದೆ, ಆದ್ರೆ ಸೇನೆಗೆ ಎಲ್ಲೂ ಬೇಡವಾದವರನ್ನೆಲ್ಲ ತಂದು ಹಾಕಿರೋ ಹಡಗು ಅದು. ಎದುರಿಗೆ ರಾಲ್ಗಾನ್ ಸಾಮ್ರಾಜ್ಯ. ಅದರ ಸಿಂಹಾಸನದ ಮೇಲೆ ಅಜಾಲಿನ್ ಅನ್ನೋ ಹದಿನಾರರ ಹುಡುಗಿ.

ಸ್ಪೇಸ್ ಒಪೆರಾ ಅಂದ್ರೆ ನಮಗೆ ಗೊತ್ತಿರೋದು ದೊಡ್ಡ ಹಡಗು, ದೊಡ್ಡ ಯುದ್ಧ, ಹಲ್ಲು ಕಚ್ಚಿಕೊಂಡಿರೋ ನಾಯಕ. ಇಲ್ಲಿ ಮೊದಲ ಎರಡೂ ಇವೆ, ಮೂರನೆಯದು ಮಾತ್ರ ಇಲ್ಲ. ಅದೇ ಇಲ್ಲಿನ ಹಾಸ್ಯ. ಹಡಗಲ್ಲಿ ಯಾಮಾಮೊತೊ ಅನ್ನೋ ಆಫೀಸರ್ ರೂಲ್ ಬುಕ್ ಪ್ರಕಾರವೇ ಉಸಿರಾಡ್ತಾನೆ, ಟೈಲರ್ ಆ ಬುಕ್ ತೆರೆದೇ ಇಲ್ಲ. ಶತ್ರು ಸೇನೆಯ ಡೋಮ್ ಬುದ್ಧಿವಂತ. ಇಷ್ಟು ಪೆದ್ದನ ಥರ ಆಡ್ತಿದಾನೆ ಅಂದ್ರೆ ಇದರ ಹಿಂದೆ ಏನೋ ಭಾರೀ ತಂತ್ರ ಇರಲೇಬೇಕು ಅಂತ ಅವನೇ ತಲೆ ಕೆಡಿಸಿಕೊಳ್ತಾನೆ.

ಹೆಸರಲ್ಲೂ ಒಂದು ಜೋಕ್ ಇದೆ. 1962ರಲ್ಲಿ ಜಪಾನಿನಲ್ಲಿ ಬೇಜವಾಬ್ದಾರಿ ಆಫೀಸ್ ನೌಕರನೊಬ್ಬನ ಮೇಲೆ ಒಂದು ಹಾಸ್ಯ ಸಿನಿಮಾ ಬಂತು, ತುಂಬಾ ಓಡಿತು. ನಟನ ಹೆಸರು ಹಿತೋಶಿ ಉಯೆಕಿ, ಪಾತ್ರದ ಹೆಸರು ತಾಯಿರಾ ಹಿತೋಶಿ. ನಟನಿಂದ 'ಉಯೆಕಿ', ಪಾತ್ರದಿಂದ 'ಟೈಲರ್'. ಇನ್ನೊಂದು ಮಜಾ ಗೊತ್ತಾ? ತಾಯಿರಾ ಹಿತೋಶಿ ಅಂತ ಬರೆಯೋ ಎರಡು ಅಕ್ಷರಗಳನ್ನ ಇನ್ನೊಂದು ರೀತಿ ಓದಿದ್ರೆ 'ಸರಾಸರಿ' ಅಂತ ಅರ್ಥ. ಇಡೀ ಗ್ಯಾಲಕ್ಸಿಯನ್ನ ಗೊಂದಲಕ್ಕೆ ಹಾಕೋ ಕ್ಯಾಪ್ಟನ್ನಿನ ಹೆಸರಿನ ಮೂಲ ಆವರೇಜ್!

ಟಿವಿಯಿಂದ ಮನೆಗೆ

1980ರ ದಶಕದಲ್ಲಿ ವಿಸಿಆರ್ ಮನೆಮನೆಗೆ ಬಂದಾಗ ಜಪಾನಿನವರು ಒಂದು ಹೊಸ ದಾರಿ ಹುಡುಕಿದ್ರು. ಟಿವಿಗೂ ಕೊಡದೆ, ಥಿಯೇಟರಿಗೂ ಹಾಕದೆ ನೇರವಾಗಿ ವಿಡಿಯೋದಲ್ಲೇ ಬಿಡುಗಡೆ. ಇದಕ್ಕೆ ಓವಿಎ ಅಂತ ಹೆಸರು. ಮೊದಲನೆಯದು 1983ರ 'ಡಲ್ಲೋಸ್', ಅದೂ ಚಂದ್ರನ ಮೇಲೆ ನಡೆಯೋ ಕಥೆಯೇ. ಟಿವಿಯಲ್ಲಿ ಮುಗಿದ ಸರಣಿಗೂ ಹೀಗೆ ಎರಡನೇ ಜೀವ ಸಿಗ್ತಿತ್ತು. ಟೈಲರ್ ಕೂಡ 1994ರಿಂದ ಓವಿಎ ಆಗಿ ಮುಂದುವರೀತು. ಅಲ್ಲಿ ನಗು ಕಮ್ಮಿ, ರಾಜಕೀಯ ಜಾಸ್ತಿ, ಉಳಿದ ಸಿಬ್ಬಂದಿಗೆ ಹೆಚ್ಚು ಜಾಗ.

ಆಗ ಇಂಗ್ಲಿಷ್ ನೋಡುಗರಿಗೆ ಒಂದು ಕಷ್ಟ ಇತ್ತು. ಟೇಪಿನಲ್ಲಿ ಡಬ್ ಬೇಕಾ, ಸಬ್‌ಟೈಟಲ್ ಬೇಕಾ ಅಂತ ಆರಿಸಿ ಬೇರೆ ಬೇರೆ ಕ್ಯಾಸೆಟ್ ಕೊಳ್ಳಬೇಕಿತ್ತು. ಡಿವಿಡಿ ಬಂದ ಮೇಲೆ ಆ ಜಗಳ ಮುಗೀತು. ಒಂದು ಡಿಸ್ಕಲ್ಲಿ 8 ಆಡಿಯೋ ಟ್ರ್ಯಾಕ್, 32 ಸಬ್‌ಟೈಟಲ್‌ವರೆಗೆ ಜಾಗ. ಆದ್ರೆ ಹೊಸ ಜಗಳ ಶುರುವಾಯ್ತು, ರೀಜನ್ ಕೋಡ್. ಅಮೆರಿಕ 1, ಜಪಾನ್ 2, ಭಾರತ 5. ಕಂಪ್ಯೂಟರ್ ಡ್ರೈವ್‌ನ ಫರ್ಮ್‌ವೇರಲ್ಲೇ ಎಣಿಕೆ ಇರುತ್ತೆ, ಒಟ್ಟು ಐದು ಸಲ ಬದಲಿಸಬಹುದು. ಆಮೇಲೆ ಲಾಕ್. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ್ರೂ ಎಣಿಕೆ ಹಿಂದಕ್ಕೆ ಹೋಗಲ್ಲ.

ಪಾಸ್ ಒತ್ತಿದ್ರೆ ಕಾಣೋ ಗೆರೆ

ಇಸಿ ಬ್ರ್ಯಾಂಚಿನವರಿಗೆ ಇದು ಇಷ್ಟ ಆಗುತ್ತೆ. ಆ ಕಾಲದ ಅನಿಮೆಯನ್ನ ಪಾರದರ್ಶಕ ಹಾಳೆ ಮೇಲೆ ಬಣ್ಣ ಬಳಿದು, ಒಂದೊಂದೇ ಫ್ರೇಮ್ ಫಿಲ್ಮಲ್ಲಿ ಫೋಟೋ ತೆಗೀತಿದ್ರು. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ ಸುಮಾರು 60 ಅರ್ಧ ಚಿತ್ರ, ಅಂದ್ರೆ ಫೀಲ್ಡ್, ತೋರಿಸುತ್ತೆ. 24ನ್ನ 60ಕ್ಕೆ ಹೊಂದಿಸೋದು ಹೇಗೆ? ಒಂದು ಫ್ರೇಮಿಗೆ 2 ಫೀಲ್ಡ್, ಮುಂದಿನದಕ್ಕೆ 3, ಮತ್ತೆ 2, ಮತ್ತೆ 3. ಹೀಗೆ 4 ಫಿಲ್ಮ್ ಫ್ರೇಮ್ 10 ಫೀಲ್ಡ್, ಅಂದ್ರೆ 5 ವಿಡಿಯೋ ಫ್ರೇಮ್ ಆಗುತ್ತೆ. ಅದರಲ್ಲಿ ಎರಡು ಫ್ರೇಮ್ ಅಕ್ಕಪಕ್ಕದ ಚಿತ್ರಗಳ ಮಿಶ್ರಣ. ಪಾಸ್ ಒತ್ತಿದಾಗ ಟೈಲರ್ ಮುಖದ ಮೇಲೆ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡದ್ದು ಇದಕ್ಕೇ. ನಾವು ಮೊದಲು ಡಿಸ್ಕ್ ಹಾಳಾಗಿದೆ ಅಂದುಕೊಂಡ್ವಿ.

ಫಿಲ್ಮಿನದು ಇನ್ನೊಂದು ಲಾಭ ಇದೆ. ನೆಗೆಟಿವ್ ಚೆನ್ನಾಗಿದ್ರೆ ಹೊಸದಾಗಿ ಸ್ಕ್ಯಾನ್ ಮಾಡಿ ಇನ್ನೂ ಸ್ಪಷ್ಟ ಚಿತ್ರ ತೆಗೀಬಹುದು. 2000ದ ಸುಮಾರಿಗೆ ಕಂಪ್ಯೂಟರಲ್ಲೇ ಕಮ್ಮಿ ರೆಸಲ್ಯೂಶನ್ನಿನಲ್ಲಿ ಮಾಡಿದ ಅನಿಮೆಗೆ ಆ ಅದೃಷ್ಟ ಇಲ್ಲ. ಅದರಲ್ಲಿ ಇರೋ ಪಿಕ್ಸೆಲ್ ಅಷ್ಟೇ. ಹಳೇದು ಹೊಸದಕ್ಕಿಂತ ಚೆನ್ನಾಗಿ ಕಾಣೋದು ಹೀಗೆ.

ಎರಡನೇ ಸಲ

ಇಷ್ಟು ಕಷ್ಟಪಟ್ಟು ಡಿಸ್ಕಲ್ಲೇ ನೋಡಬೇಕಾ? ಸ್ಟ್ರೀಮಿಂಗಲ್ಲಿ ಒಂದು ಶೋ ಇವತ್ತು ಇರುತ್ತೆ, ಲೈಸೆನ್ಸ್ ಮುಗಿದ್ರೆ ನಾಳೆ ಇರಲ್ಲ. ಒಂದೇ ಸಲ ನೋಡಿ ಬಿಡೋ ಶೋ ಆದ್ರೆ ಪರವಾಗಿಲ್ಲ. ಟೈಲರ್ ಆ ಥರದ್ದಲ್ಲ. ಅವನು ನಿಜವಾಗ್ಲೂ ಪೆದ್ದನಾ, ಇಲ್ಲಾ ಎಲ್ಲ ಗೊತ್ತಿದ್ದೂ ಆಡ್ತಿದಾನಾ? ಈ ಪ್ರಶ್ನೆಗೆ ಸರಣಿ ಬಾಯಿಬಿಟ್ಟು ಉತ್ತರ ಹೇಳಲ್ಲ. ಮೊದಲ ಸಲ ನಾವು ಅವನನ್ನ ನೋಡಿ ನಗ್ತೀವಿ. ಕೊನೆ ಎಪಿಸೋಡ್ ಮುಗಿದ ಮೇಲೆ ಮೊದಲನೆಯದಕ್ಕೆ ವಾಪಸ್ ಬಂದ್ರೆ ಅದೇ ನಗು, ಅದೇ ಮಾತು ಬೇರೆ ಥರ ಕಾಣುತ್ತೆ. ನಮ್ಮಲ್ಲಿ ಇಬ್ಬರು ಅವನು ಪೆದ್ದ ಅಂತಾರೆ, ಇಬ್ಬರು ಜ್ಞಾನಿ ಅಂತಾರೆ. ತೀರ್ಮಾನ ಆಗಬೇಕು ಅಂದ್ರೆ ಮತ್ತೆ ನೋಡಬೇಕು, ಮತ್ತೆ ನೋಡೋಕೆ ಅದು ಕೈಯಲ್ಲಿರಬೇಕು. ಹೋಮ್ ವಿಡಿಯೋ ಇದ್ದದ್ದೇ ಆ ಎರಡನೇ ಸಲಕ್ಕೆ.

ಆ ರಾತ್ರಿ ಒತ್ತೋಕೆ ಮುಂಚೆ ಅಪ್ಪನಿಗೆ ಫೋನ್ ಮಾಡಿದ್ವಿ. "ನಿಮ್ಮ ಕನ್ನಡ ಸಿನಿಮಾ ಡಿವಿಡಿ ಇನ್ಮೇಲೆ ಇದರಲ್ಲಿ ಓಡದೇ ಇರಬಹುದು ಅಂಕಲ್" ಅಂದ್ವಿ. ಅವರು ಬೀರು ತೆಗೆದು ಕವರ್ ಓದಿದ್ರು. ಎಲ್ಲದರ ಮೇಲೂ 'ಆಲ್ ರೀಜನ್ಸ್' ಅಂತ ಇತ್ತಂತೆ. "ಎಲ್ಲಾ ಕಡೆ ಓಡುತ್ತಂತೆ ಕಣ್ರೋ, ನೀವು ಒತ್ತಿ" ಅಂದ್ರು.

ಒತ್ತಿದ್ವಿ. ಬಾಕಿ ಸೊನ್ನೆ. ಬೆಳಗಿನ ಜಾವ ನಾಲ್ಕಕ್ಕೆ ಆರನೇ ಎಪಿಸೋಡಿನಲ್ಲಿ ಇದ್ವಿ. ಈಗ ಎರಡನೇ ಸುತ್ತು ನಡೀತಿದೆ, ಬರೋರು ಶನಿವಾರ ರಾತ್ರಿ ಬನ್ನಿ. ಪೆದ್ದನೋ ಜ್ಞಾನಿಯೋ ಅಂತ ವೋಟ್ ಹಾಕೋಕೆ ಐದನೆಯವರು ಬೇಕಾಗಿದ್ದಾರೆ.